ಥೈರಾಯ್ಡ್ ಗಂಟಿನ ಸೂಜಿ ಪರೀಕ್ಷೆ: ವರದಿಯನ್ನು ಎಷ್ಟು ನಂಬಬಹುದು?

ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ವೈದ್ಯರು ಎಫ್‌ಎನ್‌ಎಸಿ ಎಂಬ ಈ ಸೂಜಿ ಪರೀಕ್ಷೆಯನ್ನು ಬರೆದುಕೊಟ್ಟಾಗ ಮನೆಯವರು ಸಾಮಾನ್ಯವಾಗಿ ಕೇಳುವುದು, ‘ಇದು ಎಷ್ಟು ಪರ್ಸೆಂಟ್ ಸರಿ ಹೇಳುತ್ತೆ ಡಾಕ್ಟ್ರೇ?’ ಎಂದು. ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ವರದಿ ಯಾವ ವರ್ಗದಲ್ಲಿ ಬಂದಿದೆ ಎಂಬುದನ್ನು ನೋಡಿ ಅದನ್ನು ಎಷ್ಟು ನಂಬಬೇಕೆಂದು ತೀರ್ಮಾನಿಸಬೇಕು. ಇದು ತಿಳಿಯದೆ ಕೆಲವರು ಸುಮ್ಮನೆ ಹೆದರುತ್ತಾರೆ, ಇನ್ನು ಕೆಲವರು ಮತ್ತೆ ತೋರಿಸಬೇಕಾದ ಗಂಟನ್ನು ಮರೆತೇಬಿಡುತ್ತಾರೆ.

ಥೈರಾಯ್ಡ್ ಗಂಟುಗಳಲ್ಲಿ ಕ್ಯಾನ್ಸರ್ ಇರುವುದು ಸುಮಾರು ಶೇ 7ರಿಂದ 15ರಷ್ಟರಲ್ಲಿ ಮಾತ್ರ. ಉಳಿದವರನ್ನು ಬೇಡದ ಶಸ್ತ್ರಚಿಕಿತ್ಸೆಯಿಂದ ಉಳಿಸುವುದೇ ಸೂಜಿಯ ದೊಡ್ಡ ಉಪಕಾರ. ಎಲ್ಲ ಗಂಟಿಗೂ ಅದು ಬೇಕಾಗುವುದಿಲ್ಲ. ಮೊದಲು ರಕ್ತದಲ್ಲಿ ಟಿಎಸ್‌ಎಚ್ ಮಟ್ಟವನ್ನು, ಅಲ್ಟ್ರಾಸೌಂಡ್‌ನಲ್ಲಿ ಗಂಟಿನ ಅಳತೆ ಮತ್ತು ಲಕ್ಷಣಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಬಳಸುವ ಸೂಜಿ ಬಹಳ ಸಣ್ಣದು, ಸಾಮಾನ್ಯವಾಗಿ 23ರಿಂದ 27 ಗೇಜ್. ಗಂಟಿನೊಳಗೆ ಎರಡು ಮೂರು ಸಲ ಚುಚ್ಚಿ, ಬಂದ ಜೀವಕೋಶಗಳನ್ನು ಗಾಜಿನ ಸ್ಲೈಡ್ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚುಚ್ಚುವ ಹೊತ್ತಿನಲ್ಲಿ ಉಗುಳು ನುಂಗಬಾರದು, ಮಾತಾಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಭಯ ನಮ್ಮಲ್ಲಿ ಬೇರೂರಿದೆ. ಥೈರಾಯ್ಡ್‌ನಲ್ಲಿ ಹಾಗಾಗುವುದು ಅತಿ ವಿರಳ. ಆ ಭಯಕ್ಕೆ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವುದರಿಂದ ಆಗುವ ಹಾನಿ ಹೆಚ್ಚು.

ಹಿಂದೆ ಒಂದೊಂದು ಪ್ರಯೋಗಾಲಯ ಒಂದೊಂದು ಬಗೆಯಲ್ಲಿ ವರದಿ ಬರೆಯುತ್ತಿತ್ತು. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ತಜ್ಞರು ಸೇರಿ ಆರು ವರ್ಗಗಳ ಪದ್ಧತಿಗೆ ಅಡಿಪಾಯ ಹಾಕಿದರು. ನಮ್ಮ ಆಸ್ಪತ್ರೆಗಳ ವರದಿಯಲ್ಲಿ ‘ಬೆಥೆಸ್ಡಾ 2’, ‘ಬೆಥೆಸ್ಡಾ 4’ ಎಂದು ಕಾಣುವುದು ಇದೇ. 2023ರ ಪರಿಷ್ಕರಣೆಯ ಪ್ರಕಾರ 6ನೇ ವರ್ಗ ಬಂದರೆ ಕ್ಯಾನ್ಸರ್ ಇರುವ ಸಂಭವ ಸರಾಸರಿ ಶೇ 97. 2ನೇ ವರ್ಗ, ಅಂದರೆ ನಿರಪಾಯಕಾರಿ ಗಂಟು ಎಂದು ಬಂದರೆ ಶೇ 4. ಈ 4 ಕೂಡ ಮುಖ್ಯವಾಗಿ ಆಪರೇಷನ್ ಆದವರ ಲೆಕ್ಕ. 2ನೇ ವರ್ಗ ಬಂದ ಹೆಚ್ಚಿನವರಿಗೆ ಆಪರೇಷನ್ ಆಗುವುದೇ ಇಲ್ಲ. ಗಂಟು ದೊಡ್ಡದಿದ್ದವರು, ಬೇರೆ ಅನುಮಾನ ಇದ್ದವರು ಮಾತ್ರ ಆ ಲೆಕ್ಕದೊಳಗೆ ಬರುತ್ತಾರೆ. ಹಾಗಾಗಿ 2ನೇ ವರ್ಗದ ಎಲ್ಲರನ್ನೂ ಎಣಿಸಿದರೆ ಅಪಾಯ ಇನ್ನೂ ಕಡಿಮೆ.

ತೊಡಕೆಲ್ಲ ನಡುವಿನ ವರ್ಗಗಳಲ್ಲಿದೆ. 3ರಲ್ಲಿ ಕ್ಯಾನ್ಸರ್ ಸಂಭವ ಸರಾಸರಿ ಶೇ 22, 4ರಲ್ಲಿ ಶೇ 30, 5ರಲ್ಲಿ ಶೇ 74. ನಾಲ್ಕನೆಯದು ಫಾಲಿಕ್ಯುಲರ್ ಗಂಟುಗಳ ವರ್ಗ. ಪ್ಯಾಪಿಲರಿ ಕ್ಯಾನ್ಸರನ್ನು ಜೀವಕೋಶದ ಕೇಂದ್ರದ ಆಕಾರದಿಂದಲೇ ಗುರುತಿಸಬಹುದು, ಅದಕ್ಕೇ ಸೂಜಿ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಫಾಲಿಕ್ಯುಲರ್ ಗಂಟಿನ ಕತೆ ಬೇರೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದು ಗಂಟಿನ ಕೋಶಗಳು ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಭೇದಿಸಿವೆಯೇ ಎಂಬುದರ ಮೇಲೆ ನಿಂತಿದೆ. ಬಳ್ಳಿ ಬೇಲಿ ದಾಟಿದೆಯೇ ಎಂದು ತಿಳಿಯಲು ಒಂದು ಎಲೆ ಕಿತ್ತು ನೋಡಿದರೆ ಸಾಲದು, ಬೇಲಿಯನ್ನೇ ನೋಡಬೇಕು. ಅದಕ್ಕೇ ಇಲ್ಲಿ ಹಲವು ಸಲ ಥೈರಾಯ್ಡ್‌ನ ಒಂದು ಪಾಲನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಪೆಥಾಲಜಿಸ್ಟ್ ‘ಇಷ್ಟರಿಂದ ಹೇಳಲಾಗದು’ ಎಂದು ಬರೆದರೆ ಅದು ಪ್ರಾಮಾಣಿಕ ವರದಿ, ಅಸಾಮರ್ಥ್ಯವಲ್ಲ.

1ನೇ ವರ್ಗವನ್ನು ಬಹಳ ಮಂದಿ ತಪ್ಪಾಗಿ ಓದಿಕೊಳ್ಳುತ್ತಾರೆ. ‘ಏನೂ ಸಿಗಲಿಲ್ಲ’ ಎಂದರೆ ರೋಗವಿಲ್ಲ ಎಂದಲ್ಲ, ತೀರ್ಪು ಕೊಡುವಷ್ಟು ಜೀವಕೋಶ ಬರಲಿಲ್ಲ ಎಂದು. ಸಾಮಾನ್ಯ ನಿಯಮದಂತೆ ತಲಾ ಕನಿಷ್ಠ 10 ಕೋಶಗಳಿರುವ 6 ಗುಂಪುಗಳಾದರೂ ಸ್ಲೈಡ್‌ನಲ್ಲಿ ಕಾಣಬೇಕು. ನೀರು ತುಂಬಿದ ಗಂಟಿನಲ್ಲಿ ಬರೀ ದ್ರವವೇ ಬರುವುದುಂಟು. ಗಟ್ಟಿ ಭಾಗವನ್ನು ಗುರಿಯಿಟ್ಟು ಅಲ್ಟ್ರಾಸೌಂಡ್ ಸಹಾಯದಿಂದ ಮತ್ತೆ ಚುಚ್ಚಿದರೆ ಬಹಳಷ್ಟು ಸಲ ಉತ್ತರ ಸಿಗುತ್ತದೆ. ಕೈಯಲ್ಲಿ ಮುಟ್ಟಿ ಅಂದಾಜಿನಲ್ಲಿ ಚುಚ್ಚುವುದಕ್ಕಿಂತ ಹೀಗೆ ನೋಡಿಕೊಂಡು ಚುಚ್ಚುವುದೇ ಮೇಲು, ಸೌಲಭ್ಯ ಇರುವಲ್ಲಿ ಅದನ್ನೇ ಕೇಳಿ.

ಅಧ್ಯಯನಗಳು ಕೊಡುವ ನಿಖರತೆಯ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ದೊಡ್ಡ ಕಾರಣವೂ ಈ ನಡುವಿನ ವರ್ಗಗಳೇ. ಅವನ್ನು ಕ್ಯಾನ್ಸರ್ ಕಡೆಗೆ ಸೇರಿಸಿದರೆ ಒಂದು ಉತ್ತರ, ಬಿಟ್ಟುಬಿಟ್ಟರೆ ಇನ್ನೊಂದು. ‘ನಮ್ಮಲ್ಲಿ ಶೇ 95 ನಿಖರ’ ಎಂದು ಯಾರಾದರೂ ಹೇಳಿದರೆ, 3 ಮತ್ತು 4ನ್ನು ಎಲ್ಲಿ ಸೇರಿಸಿದ್ದೀರಿ ಎಂದು ಕೇಳುವುದು ನ್ಯಾಯ.

ವರದಿ ಕೈಗೆ ಬಂದಾಗ ಬೆಥೆಸ್ಡಾ ವರ್ಗ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಅದನ್ನು ಸ್ಕ್ಯಾನಿಂಗ್ ವರದಿಯ ಜೊತೆಗಿಟ್ಟೇ ವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗ್‌ನಲ್ಲಿ ಅನುಮಾನ ಬಲವಾಗಿದ್ದು ಸೂಜಿ ‘ನಿರಪಾಯ’ ಎಂದರೆ, ವರ್ಷದೊಳಗೆ ಸ್ಕ್ಯಾನಿಂಗ್, ಸೂಜಿ ಪರೀಕ್ಷೆ ಎರಡನ್ನೂ ಮತ್ತೊಮ್ಮೆ ಮಾಡಿಸಬೇಕು. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಕಾಗದದ ಜೊತೆಗೆ ಸ್ಲೈಡ್‌ಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದುಕೊಂಡು ಹೋಗಿ.