ಮರುಪ್ರಶ್ನೆ ಕೇಳದ ಕೆಲಸಗಾರನಿಗೊಂದು ಕೈಪಿಡಿ

ಠಾಣೆ-ಬೇಲಾಪುರ ರಸ್ತೆಯಲ್ಲಿ ಐರೋಲಿ, ರಬಾಳೆ, ಮಹಾಪೆಗಳ ಕಡೆ ಹೋಗಿಬರುವ ವಾಚಕರು ಕಿಟಕಿಗಳೇ ವಿರಳವಾದ ಭಾರಿ ಕಟ್ಟಡಗಳನ್ನು ಕಂಡಿರಬಹುದು. ಇವು ಡೇಟಾ ಸೆಂಟರುಗಳು. ಬ್ಯಾಂಕು, ವ್ಯಾಪಾರ, ದೂರವಾಣಿಗಳ ಲೆಕ್ಕವನ್ನು ಹೊತ್ತ ಕಂಪ್ಯೂಟರುಗಳು ಇಂಥಲ್ಲಿ ಅಹೋರಾತ್ರಿ ದುಡಿಯುತ್ತವೆ. ಡೊಂಬಿವಲಿ, ಕಲ್ಯಾಣಗಳಿಂದ ಠಾಣೆಗೆ ಬಂದು, ಗಾಡಿ ಬದಲಿಸಿ ಈ ಭಾಗಕ್ಕೆ ರಾತ್ರಿಪಾಳಿಗೆ ಹೋಗುವವರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ತಂದೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಮಗ ಯಂತ್ರದ ನಾಡಿ ಹಿಡಿದು ಕುಳಿತಿರುವನು.

ನಾಡಿ ಹಿಡಿಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಾಧನಗಳಲ್ಲೊಂದು ‘ಪ್ರೊಮೀಥಿಯಸ್’. 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತ ಸಂಸ್ಥೆಯಲ್ಲಿ ಆರಂಭವಾದ ಈ ಸಾಧನವನ್ನು ಯಾರೂ ಉಚಿತವಾಗಿ ಬಳಸಬಹುದು. ಗೊತ್ತುಪಡಿಸಿದ ಅವಧಿಗೊಮ್ಮೆ ಅದು ಪ್ರತಿಯೊಂದು ಯಂತ್ರವನ್ನೂ ವಿಚಾರಿಸಿ, ದೊರೆತ ಅಂಕಿಗಳನ್ನು ಬರೆದಿಡುತ್ತದೆ.

ಈ ಅಂಕಿಗಳನ್ನು ಓದುವ ಕೆಲಸಕ್ಕೆ ಇತ್ತೀಚೆಗೆ ಎ.ಐ. ಏಜೆಂಟರ ನೇಮಕವಾಗುತ್ತಿದೆ. (ವಿಮೆಯ ಏಜೆಂಟರೆಂದು ಹೆದರಬೇಕಾಗಿಲ್ಲ, ಅಪ್ಪಣೆ ಕೊಟ್ಟರೆ ತಾನೇ ಹುಡುಕಿ, ಓದಿ, ಕೆಲಸ ನಡೆಸುವ ಕಂಪ್ಯೂಟರ್ ವ್ಯವಸ್ಥೆಗೆ ಈ ಹೆಸರು.) 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಸಂಪರ್ಕವಿಧಿಯನ್ನು ಪ್ರಕಟಿಸಿದ ಮೇಲೆ ಏಜೆಂಟನ್ನು ಇಂಥ ಸಾಧನಗಳಿಗೆ ಜೋಡಿಸುವುದು ಸುಲಭವಾಗಿದೆ. ಬಾಗಿಲೇನೋ ತೆರೆಯಿತು. ಒಳಗೆ ಬಂದವನಿಗೆ ಯಾವ ಡಬ್ಬದಲ್ಲಿ ಏನಿದೆಯೆಂದು ತಿಳಿಯಬೇಡವೇ?

ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗ ಸಂಶಯ ಬಂದರೆ “ಅಣ್ಣಾ, ಇದು ಉಪ್ಪೋ ಸೋಡವೋ?” ಎಂದು ಕೇಳಿಯಾನು. ಏಜೆಂಟ್ ಅನೇಕ ವೇಳೆ ಕೇಳದು. ಬರೆದಿಟ್ಟುದನ್ನು ಓದುತ್ತದೆ, ಬರೆಯದಿದ್ದುದನ್ನು ಊಹಿಸಿ, ಊಹೆಯನ್ನೂ ನಿಶ್ಚಯದ ಧ್ವನಿಯಲ್ಲಿಯೇ ಹೇಳಿಬಿಡುತ್ತದೆ. ಆದಕಾರಣ ಅದಕ್ಕಾಗಿ ಬರೆಯುವ ಕೈಪಿಡಿಯು ಅನುಭವಸ್ಥರಿಗೆ ಬರೆದುದಕ್ಕಿಂತ ಬೇರೆಯಾಗಿರಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರೊಮೀಥಿಯಸ್‌ನಲ್ಲಿ ‘ಕೌಂಟರ್’ ಎಂಬ ಜಾತಿಯ ಅಂಕಿಗಳಿವೆ. ವಿದ್ಯುತ್ ಮೀಟರಿನಂತೆ ಇವು ಏರುತ್ತಲೇ ಹೋಗುತ್ತವೆ. ಯಂತ್ರದಲ್ಲಿ ನಡೆಯುವ ಕಾರ್ಯಕ್ರಮವನ್ನು ಮತ್ತೆ ಚಾಲೂ ಮಾಡಿದಾಗ ಸೊನ್ನೆಗೆ ಬರುತ್ತವೆ. ಮೀಟರು 48,000 ತೋರಿಸಿದರೆ ಈ ತಿಂಗಳೇ ಅಷ್ಟು ಯೂನಿಟ್ ಖರ್ಚಾಯಿತೆಂದು ಯಾವ ಮಾಲೀಕನೂ ಎದೆ ಬಡಿದುಕೊಳ್ಳುವುದಿಲ್ಲ. ಹಿಂದಿನ ಅಂಕಿಯನ್ನು ಕಳೆದು ನೋಡುತ್ತಾನೆ. ಇಲ್ಲಿ ಆ ಕೆಲಸಕ್ಕೆ ‘ರೇಟ್’ ಎಂಬ ಸೂತ್ರವಿದೆ. ಯಾವ ಅಂಕಿಗೆ ಅದನ್ನು ಹಚ್ಚಬೇಕೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿರತಕ್ಕದ್ದು.

ಇದಕ್ಕಿಂತ ಅಪಾಯಕರವಾದುದು ಖಾಲಿ ಉತ್ತರ. ಅಡುಗೆಮನೆಯ ಫ್ರಿಜ್ಜಿನ ಉಷ್ಣತೆ ಬರೆಯುವ ಪುಸ್ತಕದಲ್ಲಿ ಒಂದು ಮನೆ ಖಾಲಿಯಿದ್ದರೆ ಉಷ್ಣತೆ ಸೊನ್ನೆಯಿತ್ತೆಂದು ಅರ್ಥವಲ್ಲ, ಯಾರೂ ನೋಡಿಲ್ಲವೆಂದು ಅರ್ಥ. ಏಜೆಂಟ್ ತಪ್ಪು ಹೆಸರಿನಿಂದ ಕೇಳಿದರೂ, ಯಂತ್ರವೇ ಮೂಕವಾಗಿದ್ದರೂ ಬರುವುದು ಖಾಲಿ ಉತ್ತರವೇ. ಅದನ್ನು ‘ದೋಷ ಶೂನ್ಯ’ವೆಂದು ಓದಿ “ಎಲ್ಲವೂ ಕ್ಷೇಮ” ಎಂದು ವರದಿ ಒಪ್ಪಿಸಿದರೆ? ಬೆಳಗ್ಗೆ ಇಡ್ಲಿ ತಿಂದ ಗಿರಾಕಿ ಮೊಬೈಲ್ ಹಿಡಿದು ನಿಂತಿರುತ್ತಾನೆ, ಹಣ ಹೋಗುವುದಿಲ್ಲ. ಕಾರಣ ಕೇಳಿ ನೋಟೀಸು ಬರುವುದು ಪಾಳಿಯ ಹುಡುಗನಿಗೆ, ಏಜೆಂಟಿಗಲ್ಲ. ಯಂತ್ರವು ವಿಚಾರಣೆಗೆ ಓಗೊಟ್ಟರೆ 1, ಇಲ್ಲವಾದರೆ 0 ತೋರಿಸುವ ‘ಅಪ್’ ಎಂಬ ಅಂಕಿಯಿದೆ. ಮೊದಲು ಅದನ್ನು ನೋಡು, ಅನಂತರ ಮಾತಾಡು ಎಂದು ಕೈಪಿಡಿಯ ಆರಂಭದಲ್ಲಿಯೇ ಬರೆಯಬೇಕು. ಪ್ರೊಮೀಥಿಯಸ್ ತಾನಾಗಿ 15 ದಿನಗಳ ಲೆಕ್ಕವನ್ನಷ್ಟೇ ಇಡುತ್ತದೆ. ಅವಧಿಯನ್ನು ಹೆಚ್ಚಿಸಿರದಿದ್ದರೆ ಕಳೆದ ತಿಂಗಳ ಪುಟವೂ ಖಾಲಿಯೇ.

ಗಡಿಯಾರದ ವಿಷಯವೂ ಉಂಟು. ಈ ಸಾಧನದ ಕಾಲ ನಮ್ಮ ಕಾಲಕ್ಕಿಂತ ಐದೂವರೆ ಗಂಟೆ ಹಿಂದು. ಅದರ ಎರಡೂವರೆ ಎಂದರೆ ನಡುರಾತ್ರಿಯಲ್ಲ. ಡೊಂಬಿವಲಿಯ ಪ್ಲಾಟ್‌ಫಾರಂ ಕಿಕ್ಕಿರಿದಿರುವ ಬೆಳಗಿನ ಎಂಟು ಗಂಟೆ.

ಇಷ್ಟೆಲ್ಲವನ್ನೂ ಪುಸ್ತಕ ನೋಡಿ ಬರೆಯಬಹುದು. ಪುಸ್ತಕದಲ್ಲಿ ಸಿಗದುದು ಆಯಾ ಕಚೇರಿಯ ಒಳಗುಟ್ಟು. ಪ್ರತಿರಾತ್ರಿ ಎರಡಕ್ಕೆ ನಕಲು ತೆಗೆಯುವಾಗ ಏರುವ ಭಾರ ಸಹಜವೇ? ಯಾವ ಕರೆಗಂಟೆಗೆ ಯಾರನ್ನು ಎಬ್ಬಿಸಬೇಕು? ಇವು ಹಳಬರ ತಲೆಯಲ್ಲಿವೆ. ಭಟ್ಟರು ಊರಿಗೆ ಹೋದ ದಿನ ಸಾಂಬಾರಿನ ಅಳತೆ ಯಾರಿಗೂ ಗೊತ್ತಿಲ್ಲದ ಹೋಟೆಲುಗಳನ್ನು ನಾವು ಕಂಡವರೇ. ಈ ಗುಟ್ಟನ್ನು ಬರೆದುಕೊಟ್ಟರೆ ಕೆಲಸ ಹೋದೀತೆಂಬ ಅಂಜಿಕೆ ಗುಮಾಸ್ತ ಬಂಧುಗಳಲ್ಲಿದೆ. ಅದನ್ನು ಹಗುರವಾಗಿ ಕಾಣಲಾಗದು. ಬರೆಯುವ ಕೆಲಸವನ್ನು ಪಾಳಿ ಮುಗಿದ ಮೇಲಿನ ಬಿಟ್ಟಿ ಚಾಕರಿಯಾಗಿಸದೆ, ಅದಕ್ಕೆ ವೇಳೆಯನ್ನೂ ವೇತನವನ್ನೂ ಕೊಡುವುದು, ಬರೆದವನ ಹೆಸರನ್ನು ಕೈಪಿಡಿಯಲ್ಲಿ ನಮೂದಿಸುವುದು ಆಡಳಿತದ ಕರ್ತವ್ಯ.

ಏಜೆಂಟಿಗೆ ಮೊದಲು ನೋಡುವ ಅಧಿಕಾರವಷ್ಟೇ ಇರಲಿ. ಯಂತ್ರ ನಿಲ್ಲಿಸುವ ಅಧಿಕಾರ ಮನುಷ್ಯನ ಕೈಯಲ್ಲಿರಲಿ. ಕೈಪಿಡಿ ಸಿದ್ಧವಾದ ಮೇಲೆ, ಕಾರಣ ಈಗಾಗಲೇ ಗೊತ್ತಿರುವ ಒಂದು ಹಳೆಯ ಕೆಡುಕಿನ ಅಂಕಿಗಳನ್ನು ಕಾದಿಟ್ಟುಕೊಂಡು ಅದರ ಮುಂದಿಡಬೇಕು. ಎಲ್ಲಿ ಎಡವಿತೋ ಕೈಪಿಡಿಯ ಆ ವಾಕ್ಯವನ್ನು ತಿದ್ದಿ, ಮತ್ತೊಮ್ಮೆ ಕೇಳಬೇಕು.