ಶಾಲೆಯ ಜಟ್ಟಿಗಳು

ಗರಡಿಯ ಮಟ್ಟಿ ಬರಿಯ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಹದಗೊಳಿಸುತ್ತಾರೆ. ಬೆಂಗಳೂರು ಪೇಟೆಯಲ್ಲಿ ಕರಗದ ವೀರಕುಮಾರರಿಗೂ ಗರಡಿಗಳಿಗೂ ಹಳೆಯ ನಂಟು. ಇಂತಹ ಮಣ್ಣಿನಲ್ಲಿ ಪಳಗಿ ಕೀರ್ತಿ ತಂದ ವಿದ್ಯಾರ್ಥಿಗಳೂ ಉಂಟು.

ನೆರೆಯ ಮಹಾರಾಷ್ಟ್ರದಲ್ಲಿ, ಕೃಷ್ಣಾ ತೀರದ ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರು ತೀರಿಕೊಂಡದ್ದು 1984ರಲ್ಲಿ. ಅರ್ಜುನ ಪ್ರಶಸ್ತಿ ಸಂದದ್ದು ಅದಾದ ಬಹುಕಾಲದ ಮೇಲೆ.

ಅಂತಹ ವೀರನನ್ನೇ ನಾಡು ಮರೆತಿತ್ತೆಂದರೆ, ಅಂತರಶಾಲಾ ಕುಸ್ತಿಯಲ್ಲಿ ಗೆದ್ದ ಬಾಲಕರನ್ನು ನೆನೆಯುವವರಾರು? ರಾಜಾಜಿನಗರ, ಕೆಂಗೇರಿಗಳ ಹಿರಿಯರಲ್ಲಿ ಅಂಥವರು ಇದ್ದಾರು. ಅವರು ಗೆದ್ದ ವರ್ಷವನ್ನೂ ಹಾಕಿದ ಪಟ್ಟುಗಳನ್ನೂ ಕೇಳಿ ಬರೆದಿಡಿರಿ. ಇಲ್ಲವಾದರೆ ಆ ನೆನಪು ಅವರೊಂದಿಗೇ ಅಳಿದುಹೋಗುತ್ತದೆ.