ಮೊಣಕೈಯಲ್ಲಿ ಉಳಿದದ್ದು ಲಾವಂಚ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು ದಾಟಿ, ಕುಂಕುಮದ ಗುಡ್ಡೆಗಳ ಪಕ್ಕ ಹಾದರೆ ಅತ್ತರಿನ ಅಂಗಡಿಗಳು ಸಿಗುತ್ತವೆ. ಎಷ್ಟೋ ವರ್ಷ ಅವುಗಳ ಮುಂದೆ ಓಡಾಡಿದ್ದೇನೆ. ಒಳಗೆ ಹೋಗಿ ಕೂತದ್ದು ಮಾತ್ರ ಕಳೆದ ತಿಂಗಳು, ಒಂದು ಮಂಗಳವಾರ ಬೆಳಿಗ್ಗೆ.

ಕಾರಣ ಮಗಳು. ‘ನಿನ್ನದೇ ಅಂತ ಒಂದು ಪರಿಮಳ ಇರ್ಲಿ ಅಮ್ಮ. ನೀನು ಎದ್ದುಹೋದ ಮೇಲೂ ಈ ಕೋಣೇಲಿ ನೀನಿದ್ದೆ ಅಂತ ಗೊತ್ತಾಗ್ಬೇಕು’ ಎಂದಿದ್ದಳು. ಆ ಮಾತು ಹಿಡಿದುಕೊಂಡು ಮೊದಲು ಬೆಂಗಳೂರಿನ ಒಂದು ಮಾಲಿಗೆ ಹೋಗಿದ್ದೆ. ಮಾರುವ ಹುಡುಗಿ ಕಾಗದದ ಪಟ್ಟಿಗಳಿಗೆ ಒಂದಾದ ಮೇಲೊಂದು ಸಿಂಪಡಿಸಿ ಕೊಟ್ಟಳು. ಎಂಟನೆಯ ಪಟ್ಟಿಯ ಹೊತ್ತಿಗೆ ಮೂಗಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಕೊಂಡು ತಂದದ್ದು ಅಂಗಡಿಯಲ್ಲಿ ಆಗತಾನೇ ಸುಲಿದ ಕಿತ್ತಳೆಯಂತಿತ್ತು. ಮನೆಗೆ ಬಂದಾಗ ಕಿತ್ತಳೆ ಹಾರಿ, ಸಕ್ಕರೆಪಾಕದ ವಾಸನೆ ಉಳಿದಿತ್ತು. ಆ ಸೀಸೆ ಬೀರುವಿನಲ್ಲಿದೆ.

ಮಾರುಕಟ್ಟೆಯ ಅತ್ತರಿನಂಗಡಿಯ ಸಾಹೇಬರು ಹಾಗೆ ಮಾಡಲಿಲ್ಲ. ಎಪ್ಪತ್ತರ ಆಸುಪಾಸಿನ ಹಿರಿಯರು. ಬಲಗಿವಿಯ ಮಡಿಕೆಯಲ್ಲಿ ಕಡಲೆಕಾಳಿನಷ್ಟು ಅತ್ತರಿನ ಹತ್ತಿ. ಎಷ್ಟು ದುಡ್ಡಿನದು ಬೇಕೆಂದು ಕೇಳಲಿಲ್ಲ. ‘ಕೈಗೆ ಏನಾದ್ರೂ ಹಚ್ಕೊಂಡು ಬಂದಿದ್ದೀರಾ ಅಮ್ಮ?’ ಎಂದು ಕೇಳಿದರು. ಬೆಳಿಗ್ಗೆ ಕ್ರೀಮ್ ಹಚ್ಚಿದ್ದೆ. ತಂಬಿಗೆಯಲ್ಲಿ ನೀರು ಕೊಟ್ಟು ಸೋಪಿಲ್ಲದೆ ತೊಳೆಸಿದರು. ಆಮೇಲೆ ಗಾಜಿನ ಬಿರಡೆ ಎತ್ತಿ, ಅದರ ತುದಿಯಲ್ಲಿ ನಿಂತ ಹನಿಯನ್ನು ಸೀಸೆಯ ಬಾಯಿಗೆ ಒರೆಸಿ, ಉಳಿದ ಪಸೆಯನ್ನಷ್ಟೇ ಚರ್ಮಕ್ಕೆ ತಾಗಿಸಿದರು. ಎಡ ಮಣಿಕಟ್ಟಿಗೆ ಮಲ್ಲಿಗೆ, ಬಲಕ್ಕೆ ಕೇದಗೆ, ಬಲ ಮೊಣಕೈಯ ಒಳಮಡಿಕೆಗೆ ಮೂರನೆಯದು. ಅದರ ಹೆಸರು ಹೇಳಲಿಲ್ಲ. ಅಭ್ಯಾಸಬಲದಿಂದ ಎರಡೂ ಮಣಿಕಟ್ಟು ಸೇರಿಸಿ ತಿಕ್ಕಲು ಹೋದೆ. ‘ಉಜ್ಜಬೇಡಿ, ಅದರ ಪಾಡಿಗೆ ಒಣಗ್ಲಿ. ಈಗ ಹೋಗಿ ತರಕಾರಿ ತಗೊಳ್ಳಿ. ಒಂದು ಗಂಟೆ ಬಿಟ್ಟು ಬನ್ನಿ. ಈಗ್ಲೇ ದುಡ್ಡು ಕೊಟ್ರೂ ನಾನು ತಗೊಳ್ಳಲ್ಲ’ ಎಂದರು.

ಪರಿಮಳ ಆರಿಸುವ ವಿದ್ಯೆಯ ಮುಕ್ಕಾಲು ಪಾಲು ಈ ಒಂದು ಗಂಟೆಯಲ್ಲಿದೆ ಎಂದು ಈಗ ಖಾತ್ರಿಯಾಗಿದೆ. ಸುಗಂಧವೆಂದರೆ ಒಂದೇ ವಸ್ತುವಲ್ಲ, ಹಗುರ ಮತ್ತು ಭಾರದ ಅಣುಗಳ ಗುಂಪು. ನಿಂಬೆ, ಕಿತ್ತಳೆಯ ಜಾತಿಯವು ನಿಮಿಷಗಳಲ್ಲಿ ಆವಿಯಾಗಿ ಹೋಗುತ್ತವೆ. ಹೂವಿನವು ಒಂದೆರಡು ಗಂಟೆ ನಿಲ್ಲುತ್ತವೆ. ಮರ, ಬೇರು, ರಾಳದವು ಸಂಜೆಯವರೆಗೂ ಇರುತ್ತವೆ. ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದು ಮೊದಲ ಗುಂಪು. ದಿನವಿಡೀ ಜೊತೆಗಿರುವುದು ಕೊನೆಯದು. ಕಾಗದಕ್ಕೆ ಬಿಸಿಯಿಲ್ಲ, ಬೆವರಿಲ್ಲ, ಜಿಡ್ಡಿಲ್ಲ. ನಮ್ಮ ಚರ್ಮಕ್ಕೆ ಇವೆಲ್ಲ ಇವೆ, ಅದಕ್ಕೇ ಅಕ್ಕನ ಮೈಮೇಲೆ ಚೆಂದವಾದದ್ದು ತಂಗಿಗೆ ಒಗ್ಗುವುದಿಲ್ಲ. ನಡುನಡುವೆ ಕಾಫಿ ಬೀಜ ಮೂಸಿದರೆ ಮೂಗು ಚೊಕ್ಕಟವಾಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಕಾಫಿಯೂ ಒಂದು ವಾಸನೆಯೇ. ದಣಿದ ಮೂಗಿಗೆ ಬೇಕಾದದ್ದು ಬರೀ ಗಾಳಿ, ಸ್ವಲ್ಪ ಹೊತ್ತು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ನೋಡಲೇಬಾರದು.

ಬದನೆಕಾಯಿ, ಸೊಪ್ಪು ಕೊಂಡು ತಿರುಗಿ ಬರುವಷ್ಟರಲ್ಲಿ ಮಲ್ಲಿಗೆ ಬಾಡಿತ್ತು. ಮುಡಿದ ಮಲ್ಲಿಗೆ ರಾತ್ರಿ ಬಾಡುವ ರೀತಿಯೇ ಬೇರೆ. ಇದು ಊದುಬತ್ತಿಯ ಪೊಟ್ಟಣದಂತಾಗಿತ್ತು. ಕೇದಗೆ ನೆತ್ತಿಗೇರಿ ತಲೆ ನೋಯುತ್ತಿತ್ತು. ಆದರೆ ಚೀಲ ಎತ್ತಿ ಭುಜಕ್ಕೆ ಹಾಕುವಾಗ ಮೊಣಕೈಯಿಂದ ಒಂದು ತಂಪು ಬಂತು. ಒದ್ದೆ ಮಣ್ಣು, ಹುಲ್ಲು, ಅದರ ಹಿಂದೆ ತೆಳ್ಳಗೆ ಹೊಗೆ. ನಂಜನಗೂಡಿನ ಅಜ್ಜಿಮನೆಯ ಹಜಾರದ ಮೂಲೆ, ಮರಳ ಮೇಲೆ ಕೂರಿಸಿದ ಹೂಜಿ, ಅದರೊಳಗೆ ದಾರ ಕಟ್ಟಿ ಇಳಿಬಿಟ್ಟ ಬೇರಿನ ಕಟ್ಟು. ತರಕಾರಿ ಚೀಲ ಕೆಳಗಿಟ್ಟು ನಿಂತುಬಿಟ್ಟೆ. ಲಾವಂಚ!

ಸಾಹೇಬರು ಆಗ ಒಳಗಿನ ಕಪಾಟಿನಿಂದ ಪುಟ್ಟ ಸೀಸೆ ತೆಗೆದು ಬೆಳಕಿಗೆ ಹಿಡಿದರು. ಉತ್ತರ ಪ್ರದೇಶದ ಕನೌಜಿನಿಂದ ಬಂದ ರೂಹ್ ಖಸ್, ಎಂದರೆ ಲಾವಂಚದ ಎಣ್ಣೆ. ದಟ್ಟ ಹಸಿರು, ಓರೆ ಮಾಡಿದರೆ ಜೇನಿನಂತೆ ಮೆಲ್ಲಗೆ ಜರುಗುತ್ತದೆ. ಬಣ್ಣ ಬೇರಿನದಲ್ಲ, ತಾಮ್ರದ್ದು. ಕನೌಜಿನಲ್ಲಿ ಬೇರನ್ನು ನೀರಿನ ಜೊತೆ ‘ದೇಗ್’ ಎಂಬ ತಾಮ್ರದ ಹಂಡೆಗೆ ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಸೌದೆಯ ಉರಿಯಲ್ಲಿ ಕುದಿಸುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ನೀರತೊಟ್ಟಿಯಲ್ಲಿ ಮುಳುಗಿಸಿಟ್ಟ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಯುತ್ತದೆ. ಸಾಮಾನ್ಯ ಅತ್ತರಿಗೆ ಅಲ್ಲಿ ಗಂಧದೆಣ್ಣೆ ಕಾದಿರುತ್ತದೆ. ಹೂವಿನ ಪರಿಮಳ ಅದರಲ್ಲಿ ನೆಲೆಸುತ್ತದೆ. ರೂಹ್‌ಗೆ ಆ ಆಸರೆಯೂ ಇಲ್ಲ, ಬೇರಿನ ಎಣ್ಣೆ ಮಾತ್ರ. ಭಾರದ ಎಣ್ಣೆಯಾದ್ದರಿಂದ ಬಟ್ಟಿ ಇಳಿಸಲು ಬಹಳ ಹೊತ್ತು ಬೇಕು, ಬರುವುದೂ ಸ್ವಲ್ಪ. ಬೆಲೆ ಏರುವುದು ಇದೇ ಕಾರಣಕ್ಕೆ.

ಅಂದಿನಿಂದ ನಾನು ಲಾವಂಚದ ಬೆನ್ನು ಬಿದ್ದಿದ್ದೇನೆ. ಕನ್ನಡದಲ್ಲಿ ಇದಕ್ಕೆ ಮುಡಿವಾಳ ಎಂಬ ಹೆಸರೂ ಇದೆ. ಹೇಳುವಾಗಲೇ ತಲೆಯಲ್ಲಿ ಮುಡಿದಂತಾಗುತ್ತದೆ. ಜಗತ್ತು ಕರೆಯುವ ವೆಟಿವರ್ ತಮಿಳಿನ ವೆಟ್ಟಿವೇರ್‌ನಿಂದ ಹೋದದ್ದು. ಉತ್ತರ ಭಾರತದ ಕಾಡು ಖಸ್ ಬೀಜ ಕಟ್ಟುತ್ತದೆ. ದಕ್ಷಿಣದಲ್ಲಿ ಬೆಳೆಸುವುದು ಬಹುಮಟ್ಟಿಗೆ ಬೀಜವಿಲ್ಲದ್ದು, ಬುಡ ಸೀಳಿ ನೆಡಬೇಕು. ಎಣ್ಣೆಯಲ್ಲೂ ಅಣ್ಣ ತಮ್ಮಂದಿರಿಗೆ ಹೊಂದಿಕೆಯಿಲ್ಲ. ಧ್ರುವೀಕರಿಸಿದ ಬೆಳಕನ್ನು ಹಾಯಿಸಿದರೆ ಉತ್ತರದ ಎಣ್ಣೆ ಅದನ್ನು ಎಡಕ್ಕೆ ತಿರುಗಿಸುತ್ತದೆ, ದಕ್ಷಿಣದ್ದು ಬಲಕ್ಕೆ. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಬೇರು ನೆಟ್ಟಗೆ ಪಾತಾಳಕ್ಕಿಳಿಯುತ್ತದೆ. ಮೂರು ಮೀಟರ್ ಹೋಗುವುದೂ ಉಂಟು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ, ಹೊಲದ ಮಣ್ಣು ಕೊಚ್ಚಿಹೋಗದಂತೆ ಲಾವಂಚದ ಬೇಲಿ ನೆಡಿ ಎಂದು ಪ್ರಚಾರ ಮಾಡಿದರು. ನಮ್ಮ ಗುಂಡ್ಲುಪೇಟೆ ಸೀಮೆಯ ರೈತರು ಅದಕ್ಕೆ ಎಷ್ಟೋ ಮೊದಲೇ ಇದನ್ನು ಬದುವಿನಲ್ಲಿ ಎಲ್ಲೆಯ ಗುರುತಾಗಿ ಬೆಳೆಸಿಕೊಂಡಿದ್ದರು. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ. ಆ ಹುಲ್ಲನ್ನು ಒಂದು ಸಲವೂ ನೋಡಿ ಗುರುತು ಹಿಡಿದವಳಲ್ಲ. ಅತ್ತ ಪ್ಯಾರಿಸ್ಸಿನ ಗೆರ್ಲಾ ಮನೆತನ ‘ವೆಟಿವೆ’ ಎಂಬ ಹೆಸರಿನಲ್ಲೇ ಸುಗಂಧ ಮಾಡಿತು. ಇಂದು ಜಗತ್ತಿನ ಸುಗಂಧ ಉದ್ಯಮಕ್ಕೆ ಈ ಎಣ್ಣೆಯ ದೊಡ್ಡ ಪಾಲು ಹೋಗುವುದು ಹೈಟಿ ದೇಶದಿಂದ.

ಪರಿಮಳವನ್ನು ತನಗೆ ತಕ್ಕಂತೆ ಕೂಡಿಸಿಕೊಳ್ಳುವುದು ನಮಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಬಗೆ ಎಂದು ಲೆಕ್ಕ ಕೊಟ್ಟಿದ್ದಾನೆ. ಕಾಗದದ ಮೇಲೆ ಗುಣಿಸಿ ನೋಡಿದೆ, ಲೆಕ್ಕ ಸರಿಯಿದೆ. ಇಮ್ಮಡಿ ಚಾವುಂಡರಾಯನ ಕನ್ನಡ ಲೋಕೋಪಕಾರದಲ್ಲಿ, ಕಲ್ಯಾಣದ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಸುಗಂಧಕ್ಕೆ ಅದರದೇ ಜಾಗವಿದೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕೆಟ್ಟಾಗ, 1916ರ ಹೊತ್ತಿಗೆ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ತೊಡಗಿದ್ದು, ಅದರಿಂದ ಸೋಪು ಬಂದದ್ದು ಎಲ್ಲರಿಗೂ ಗೊತ್ತಿರುವುದೇ.

ಎಚ್ಚರಿಕೆಯ ಮಾತು ಒಂದಿದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಅತ್ತರಿಗೆ ಪ್ಯಾರಫಿನ್ ಎಣ್ಣೆಯಂಥ ಅಗ್ಗದ ಆಸರೆ ಬಂದಿದೆ. ಹೂವಿನ ಹೆಸರಿಟ್ಟ ಸೀಸೆಗಳಲ್ಲಿ ಎಷ್ಟೋ ಹೂವನ್ನೇ ಕಂಡಿರುವುದಿಲ್ಲ. ಸಾಹೇಬರು ನನಗೆ ಹಚ್ಚಿದ ಮಲ್ಲಿಗೆಯೂ ಅಂಥದ್ದೇ, ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಕೃತಕವೆಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ರೂಹ್ ಎಂದು ಹೇಳಿ ಅಗ್ಗಕ್ಕೆ ಕೊಟ್ಟರೆ ಅದನ್ನು ನಂಬಬೇಡಿ. ಮತ್ತೆ, ಮೊದಲ ಸಲಕ್ಕೆ ಇಡೀ ತೊಲ ಕೊಳ್ಳಬೇಡಿ. ಅತ್ತರಿನವರ ಲೆಕ್ಕದಲ್ಲಿ ತೊಲವೆಂದರೆ ಸುಮಾರು ಹನ್ನೆರಡು ಎಂಎಲ್. ದಿನಕ್ಕೊಂದು ಪಸೆಯಂತೆ ತಿಂಗಳುಗಟ್ಟಲೆ ಬರುತ್ತದೆ. ನಾನು ಕಾಲು ತೊಲ ಕಟ್ಟಿಸಿಕೊಂಡೆ.

ಅಂದು ಬರುವಾಗ ಗ್ರಂಧಿಗೆ ಅಂಗಡಿಗೂ ಹೋದೆ. ಗಂಧ ಮಾರುವ ಗಂಧಿಗನ ಹೆಸರೇ ಈ ಅಂಗಡಿಯಲ್ಲಿ ಉಳಿದಿದೆ ಎಂದು ನಾನು ನಂಬಿದ್ದೇನೆ. ಒಂದು ಕಟ್ಟು ಬೇರು ಕೇಳಿದೆ. ಒಣಗಿದ ನಾರು, ಮೂಗಿಗೆ ಒತ್ತಿ ಹಿಡಿದರೂ ಧೂಳಿನ ವಾಸನೆ ಬಿಟ್ಟರೆ ಹೆಚ್ಚೇನೂ ಇಲ್ಲ. ರಾತ್ರಿ ಮನೆಯಲ್ಲಿ ಮಣ್ಣು ತೊಳೆದು, ದಾರ ಕಟ್ಟಿ, ಹೂಜಿಗೆ ಇಳಿಸಿ ನೀರು ತುಂಬಿದೆ. ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಅಡುಗೆಮನೆ ತಂಪಾಗಿ ಕಮ್ಮಗಿತ್ತು. ಮೊಣಕೈ ಮೂಸಿಕೊಂಡೆ. ಬೆಳಿಗ್ಗೆ ಹತ್ತಕ್ಕೆ ತಾಗಿಸಿದ್ದು ಇನ್ನೂ ಅಲ್ಲೇ ಇತ್ತು.